ಮೇಯರ್ ಕುಡಿದ ಎರಡನೇ ಗುಟುಕು

ವೈಸೆನ್‌ರೋಡ, 1671 ಅಕ್ಟೋಬರ್ 9

ಎರ್ಲಿಟ್ಸ್ ಹಳ್ಳಿಯ ಪಾನಗೃಹದ ಒಡತಿ ಸಬೀನಾ ಕುನಾಟ್‌ಗೆ,

ಈ ಕಾಗದ ಬರೆಯುತ್ತಿರುವವನು ಮೇಯರ್, ನಿನ್ನ ಅಪ್ಪನಲ್ಲ. ಅಪ್ಪ ನಿನ್ನ ಮದುವೆಯ ದಿನದಿಂದ ಬರೆಯುವುದನ್ನು ನಿಲ್ಲಿಸಿದ್ದಾನೆ, ಅವನ ಹಟ ನಿನಗೆ ಗೊತ್ತೇ ಇದೆ. ಮೈಕೆಲ್ ಹಬ್ಬದಂದು ಸರದಿಯಂತೆ ಮೇಯರ್ ಗಾದಿ ಮತ್ತೆ ನನಗೆ ಬಂದಿದೆ. ಊರಬಾಗಿಲುಗಳ ಬೀಗದ ಕೈ, ಮೊಹರು, ಸಂತೆಯ ಜಗಳ, ಚಿಮಣಿ ಗುಡಿಸದವರ ದಂಡ, ಎಲ್ಲವೂ ನನ್ನ ತಲೆಯ ಮೇಲೆ. ಇದನ್ನೆಲ್ಲ ಹೊರಲು ನನ್ನಂಥ ತಲೆಯೇ ಬೇಕೆಂದು ನಾನು ಹೇಳುವುದಿಲ್ಲ, ಊರೇ ಹೇಳುತ್ತದೆ.

ವಿಷಯಕ್ಕೆ ಬರುತ್ತೇನೆ. ಊರಬಾಗಿಲಿನಿಂದ ಒಂದು ಹರದಾರಿಯೊಳಗೆ ನಮ್ಮೂರ ಮನೆಗಳನ್ನು ಬಿಟ್ಟು ಬೇರೆ ಯಾರೂ ಮಾರಲು ಬಿಯರ್ ಕಾಸುವಂತಿಲ್ಲ. ಇದು ನಿನಗೆ ತೊಟ್ಟಿಲಲ್ಲೇ ಗೊತ್ತಿದ್ದ ಕಾನೂನು. ಒಮ್ಮೆ ಸೋಸಿದ ಬಾರ್ಲಿಗೆ ಮತ್ತೆ ನೀರು ಹುಯ್ದು ತೆಗೆಯುವ ತೆಳ್ಳನೆಯದನ್ನು, ಎರಡನೇ ನೀರನ್ನು, ಹಳ್ಳಿಯವರು ಮನೆಮಂದಿಗೆ ಮಾಡಿಕೊಳ್ಳಬಹುದು. ಅದಕ್ಕಿಂತ ಗಟ್ಟಿಯಾದದ್ದು ಹಂಡೆಯಲ್ಲಿ ಕಂಡರೆ ಊರಿನ ಗಂಡಸರು ಆಯುಧ ಹಿಡಿದು ಹೋಗಿ ಹಂಡೆ ಒಡೆದು ಬರುತ್ತಾರೆ. ಮೊದಲ ಏಟು ಮೇಯರ್‌ನದು.

ಕಳೆದ ವಾರ ಪುರಭವನದ ನೆಲಮಾಳಿಗೆಯ ಬಿಯರ್ ಅಂಗಡಿಯಲ್ಲಿ ಒಬ್ಬ ಗಾಡಿಯವನು ನಮ್ಮ ಬಿಯರನ್ನು ಪಕ್ಕಕ್ಕೆ ತಳ್ಳಿ, "ಇದನ್ನ ಬಿಯರ್ ಅಂತೀರಾ? ಎರ್ಲಿಟ್ಸ್‌ಗೆ ಹೋಗಿ ಒಂದ್ಸಲ ಕುಡ್ಕೊಂಡ್ ಬನ್ನಿ ಸ್ವಾಮಿ, ಆಮೇಲೆ ಮಾತಾಡಿ" ಅಂದನಂತೆ. ಗಾಡಿಯವರು ಬಾಯಾರಿದರೆ ಕೊಚ್ಚೆಯನ್ನೂ ಹೊಗಳುತ್ತಾರೆ. ನಿನ್ನ ಅಮ್ಮ ಒಟ್ಟೀಲಿಯಾ ಬದುಕಿದ್ದಾಗ ಅವಳ ಬಿಯರ್‌ಗೆ ಜನ ಮನೆ ಬಾಗಿಲಲ್ಲಿ ಕಾಯುತ್ತಿದ್ದರು. ಅವಳು ನಿನಗೆ ಕಲಿಸುವ ಮೊದಲೇ ನೀನು ಊರು ಬಿಟ್ಟೆ. ಆದ್ದರಿಂದ ನಿನ್ನ ಹಂಡೆಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಾರದು. ಆದರೂ ಮಾರುವುದನ್ನು ನಿಲ್ಲಿಸು.

ಯೋಬ್ಸ್ಟ್ ರಾಯ್ಶೆಲ್
ಮೇಯರ್, ವೈಸೆನ್‌ರೋಡ


ಎರ್ಲಿಟ್ಸ್, ಅಕ್ಟೋಬರ್ 17

ವೈಸೆನ್‌ರೋಡದ ಘನವೆತ್ತ ಮೇಯರ್ ಸಾಹೇಬರಿಗೆ,

ತಮ್ಮ ಕಾಗದ ತಲುಪಿತು. ಅಪ್ಪ ಬರೆಯುವುದನ್ನು ನಿಲ್ಲಿಸಿದ್ದಾನೆಂದು ತಿಳಿದು ಬೇಸರವಾಯಿತು. ಮೇಯರ್‌ಗಿಂತ ಅವನ ಮಾತು ಮೆತ್ತಗಿರುತ್ತಿತ್ತು.

ಹಂಡೆ ನನ್ನದಲ್ಲ, ನಮ್ಮ ಜಮೀನ್ದಾರ ಫಾನ್ ಟೆಸ್ನಿಟ್ಸ್ ಅವರದು. ನಿಮ್ಮೂರಿಂದ ಬರುವ ಬಿಯರ್ ಬೇಸಿಗೆಯಲ್ಲಿ ದಾರಿಯಲ್ಲೇ ಹುಳಿಯಾಗುತ್ತದೆ. ಹೋದ ಜುಲೈನಲ್ಲಿ ನನ್ನ ಗಂಡ ಉರ್ಬಾನ್ ಒಂದು ಪೀಪಾಯಿ ಹಂದಿಗಳ ಮುಂದೆ ಸುರಿದ. ಹಂದಿ ಮೂಸಿ ನೋಡಿ ಮುಖ ತಿರುಗಿಸಿತು. ಅದನ್ನು ಕಂಡ ಜಮೀನ್ದಾರರು ಒಲೆ ಕಟ್ಟಿಸಿ, ತಾಮ್ರದ ಹಂಡೆ ಕೂರಿಸಿ, "ಕಾಸಮ್ಮ, ಆಗಲ್ಲ ಅಂದ್ರೆ ಜಾಗ ಖಾಲಿ ಮಾಡು" ಅಂದರು. ನನಗೆ ಎರಡು ಸಲ ಹೇಳಿಸಿಕೊಳ್ಳಬೇಕಾಗಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಈಗ ನಮ್ಮ ಅನ್ನ ಆ ಹಂಡೆಯಿಂದಲೇ.

ಹಂಡೆಯಲ್ಲಿರುವುದು ಎರಡನೇ ನೀರು. ಪುರಸಭೆಯಲ್ಲಿ ಹಾಗೆಂದೇ ಓದಿ ಹೇಳಿ. ಎರಡನೇ ನೀರು ಕುಡಿಯಲು ಗಾಡಿಯವರು ಸುತ್ತು ದಾರಿ ಹಿಡಿದು ಬಂದರೆ ಅದು ಅವರ ಖುಷಿ.

ಅಮ್ಮ ಕಲಿಸುವ ಮೊದಲೇ ಹೋದೆ ಅಂದಿದ್ದೀರಿ. ಬಾರ್ಲಿ ಕಚ್ಚಿ ನೋಡು, ನೀರು ಮುಟ್ಟಿ ನೋಡು, ಕಹಿಗೆ ಹಾಕುವ ಹಾಪ್ ಹೂವನ್ನು ಅಂಗೈಯಲ್ಲಿ ತಿಕ್ಕಿ ನೋಡು ಎಂದು ಅಮ್ಮ ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದು ಯಾರನ್ನು? ತಮಗೆ ಗೊತ್ತಿರಲಾರದು, ತಾವು ಪುರಸಭೆಯಲ್ಲಿದ್ದಿರಿ. ಬ್ರೆಡ್ ವ್ಯಾಪಾರಿ ಕಸ್ಪರ್ ಲಾಯ್ಬೆಯವರ ಮಗನಿಗೆ ನನ್ನನ್ನು ಕೊಡುವ ಮಾತುಕತೆಯೂ ಅಲ್ಲೇ ಮುಗಿದಿತ್ತಲ್ಲ, ನನ್ನನ್ನೊಂದು ಮಾತು ಕೇಳದೆ.

ನಮ್ಮ ಚಿಕ್ಕವನ ಹೆಸರು ಯೋಬ್ಸ್ಟ್. ಹೆಸರಿಗೆ ತಕ್ಕಂತೆ ಯಾರ ಮಾತನ್ನೂ ಕೇಳುವುದಿಲ್ಲ.

ವಿಧೇಯಳು,
ಸಬೀನಾ ಕುನಾಟ್


ವೈಸೆನ್‌ರೋಡ, ನವೆಂಬರ್ 4

ಸಬೀನಾ,

ನಿನ್ನ ಉತ್ತರವನ್ನು ಪುರಸಭೆಯಲ್ಲಿ ಓದಿದೆ. ಹಂದಿಯ ಭಾಗ ಬಿಟ್ಟು ಓದಿದೆ. ಯಾರೂ ನಂಬಲಿಲ್ಲ. ಈ ವರ್ಷ ಬಿಯರ್ ಕಾಸುವ ಹಕ್ಕಿರುವ ಮನೆಗಳಲ್ಲೆಲ್ಲ ಪೀಪಾಯಿಗಳು ಹಾಗೇ ಕೂತಿವೆ, ಹೊಟ್ಟೆ ಉರಿಯದೆ ಇರುತ್ತದೆಯೇ? ಲಾಯ್ಬೆ ಎದ್ದು ನಿಂತ. ಮಗನಿಗೆ ನೀನು ಸಿಗಲಿಲ್ಲ ಎಂಬ ಸಿಟ್ಟು ಆ ಮನುಷ್ಯನಿಗೆ ಇನ್ನೂ ಆರಿಲ್ಲ.

"ಬೇರೆಯವರ ಹಂಡೆ ಆಗಿದ್ರೆ ಇಷ್ಟೊತ್ತಿಗೆ ಚೂರಾಗ್ತಿತ್ತು. ಮಗಳ ಹಂಡೆ ನೋಡಿ, ಮೇಯರ್ರಿಗೆ ಕೊಡಲಿ ಭಾರ ಆಗ್ಬಿಟ್ಟಿದೆ" ಅಂದ.

"ನನ್ನ ಕೈಗೆ ಕೊಡಲಿ ಭಾರವೋ ಹಗುರವೋ ನೀನೇ ಬಂದು ನೋಡಯ್ಯ" ಅಂದೆ. ಎಲ್ಲರೂ ನಕ್ಕರು. ಹೊರಡುವುದೆಂದು ಅಲ್ಲೇ ತೀರ್ಮಾನವಾಯಿತು.

ಪದ್ಧತಿ ನಿನಗೆ ನೆನಪಿರಲಿ. ಹಂಡೆಗೆ ಕೈ ಹಾಕುವ ಮೊದಲು ಮೇಯರ್ ಎಲ್ಲರೆದುರು ಒಂದು ಗುಟುಕು ಕುಡಿದು, ಇದು ನೀರೋ ಬಿಯರೋ ಎಂದು ಹೇಳಬೇಕು. ನೀರು ಎಂದರೆ ಎಲ್ಲರೂ ಮನೆಗೆ ವಾಪಸು. ಈ ಊರಿನ ಪ್ರತಿ ಪೀಪಾಯಿಯ ರುಚಿ ನೋಡಿ ಸರಿ ತಪ್ಪು ಹೇಳಿದ ನಾಲಿಗೆ ನನ್ನದು. ನಾನು ಹೇಳಿದ ಮೇಲೆ ಲಾಯ್ಬೆಯೂ ಬಾಯಿ ಮುಚ್ಚುತ್ತಾನೆ.

ಯಾವ ದಿನ ಬರುತ್ತೇವೆಂದು ಹೇಳುವುದು ತಪ್ಪು. ನಾನು ಹೇಳುವುದಿಲ್ಲ. ಬರುವ ಮಾರ್ಟಿನ್ ಹಬ್ಬ ಮುಗಿದ ಮೇಲಿನ ಗುರುವಾರ ಪುರಸಭೆ ಸೇರುವುದಿಲ್ಲವೆಂದೂ, ಗಂಡಸರಾರೂ ಊರಲ್ಲಿರುವುದಿಲ್ಲವೆಂದೂ ಸಂತೆಯಲ್ಲಿ ಡಂಗುರ ಹೊಡೆಸಿದ್ದೇನೆ. ಅದು ಬೇರೆ ವಿಚಾರ. ನಿನ್ನ ಹಂಡೆಯಲ್ಲಿ ನೀನೇ ಹೇಳಿದ ಹಾಗೆ ಎರಡನೇ ನೀರು ಇದ್ದರೆ ನಿನಗೇನು ಹೆದರಿಕೆ? ಮಕ್ಕಳನ್ನು ಅಂದು ಬೇರೆ ಮನೆಗೆ ಕಳಿಸು, ಗಲಾಟೆ ಇರುತ್ತದೆ.

ಯೋಬ್ಸ್ಟ್ ರಾಯ್ಶೆಲ್
ಮೇಯರ್


ಎರ್ಲಿಟ್ಸ್, ನವೆಂಬರ್ 8

ಮೇಯರ್ ಸಾಹೇಬರಿಗೆ,

ಹೇಳದೆ ಇದ್ದದ್ದು ಚೆನ್ನಾಗಿ ಅರ್ಥವಾಯಿತು.

ಉರ್ಬಾನ್ ಎರಡನೇ ನೀರು ಕಾಸಿ ಮೂಲೆಯ ತೊಟ್ಟಿ ತುಂಬಿಸಿಟ್ಟಿದ್ದಾನೆ. "ಅವ್ರು ಬಂದಾಗ ಇದನ್ನ ಕೊಡು ಸಬೀನಾ, ಪುಣ್ಯ ಬರುತ್ತೆ. ನಿಮ್ಮಪ್ಪನೇ ದಾರಿ ತೋರ್ಸಿದಾರೆ" ಅನ್ನುತ್ತಾನೆ. ಜಮೀನ್ದಾರರ ಕಾರುಭಾರಿಯೂ ಅದನ್ನೇ ಹೇಳಿ ಹೋದ. ಇಬ್ಬರ ಮಾತನ್ನೂ ಕೇಳಿಸಿಕೊಂಡಿದ್ದೇನೆ.

ಬನ್ನಿ. ದಾರಿಯಲ್ಲಿ ಎಲ್ಲೂ ಏನೂ ಕುಡಿಯದೆ ಬನ್ನಿ, ಬಾಯಿ ಕೆಡುತ್ತದೆ.

ಸಬೀನಾ


ಎರ್ಲಿಟ್ಸ್, ನವೆಂಬರ್ 18

ಮೇಯರ್ ಸಾಹೇಬರಿಗೆ,

ಮೊನ್ನೆ ನೀವು ಬಂದು, ಮಾಡಬೇಕಾದದ್ದನ್ನು ಮಾಡಿ, ಹಿಂತಿರುಗಿಯೂ ನೋಡದೆ ಹೋದಿರಿ. ನೀವು ಏನು ಕಂಡಿರೋ ನನಗೆ ಗೊತ್ತಿಲ್ಲ. ನಾನು ಕಂಡದ್ದನ್ನು ಹೇಳುತ್ತೇನೆ, ಕೇಳಿ.

ಮೊದಲು ತಮಟೆ ಕೇಳಿಸಿತು. ಆಮೇಲೆ ಈಟಿಗಳು, ಕಟುಕರ ಕೊಡಲಿಗಳು, ಕುದುರೆಯ ಮೇಲೆ ಏದುಸಿರು ಬಿಡುತ್ತಿದ್ದ ಲಾಯ್ಬೆ. ಅರ್ಧ ಊರೇ ಬಂದಿತ್ತು, ಮದುವೆಗೆ ಬಂದ ಹಾಗೆ ನಗುನಗುತ್ತ. ನಾನು ಬಿಯರ್ ಮನೆಯಲ್ಲಿ ಹಂಡೆಯ ಪಕ್ಕ ನಿಂತಿದ್ದೆ. ಲಾಯ್ಬೆ, "ಏನಮ್ಮ ಇದು ಹಂಡೆಲಿ?" ಅಂದರು.

"ಎರಡನೇ ನೀರು ಸ್ವಾಮಿ, ಮನೆಮಂದಿಗೆ" ಅಂದೆ.

"ಎಷ್ಟ್ ಜನ ಇದೀರಮ್ಮ ಮನೇಲಿ? ಒಂದು ದಂಡಿಗೆ ಆಗೋಷ್ಟಿದೆ!"

ನೀವು ನಗಲಿಲ್ಲ. ಟೋಪಿ ತೆಗೆದು, "ಹೂಜಿ ಕೊಡಮ್ಮ" ಅಂದಿರಿ. ಮದುವೆಯಾದ ಮೇಲೆ ನನ್ನೊಡನೆ ನೀವಾಡಿದ ಮೊದಲ ಮಾತು ಅದು. ಮೂಲೆಯಲ್ಲಿ ಉರ್ಬಾನನ ತೊಟ್ಟಿ ಇತ್ತು, ಅವನು ಕಣ್ಣಲ್ಲೇ ತೋರಿಸುತ್ತಿದ್ದ. ನಾನು ತೊಟ್ಟಿಯ ಕಡೆಗೇ ಹೊರಟೆ, ದೇವರಾಣೆ. ಆದರೆ ಅಷ್ಟು ವರ್ಷದಲ್ಲಿ ನೀವು ನನ್ನ ಬಾಗಿಲಿಗೆ ಬಂದದ್ದು ಅದೊಂದೇ ಸಲ. ನೀರು ಕೊಟ್ಟು ಕಳಿಸಲು ಮನಸ್ಸು ಬರಲಿಲ್ಲ. ಒಳ್ಳೆಯ ಪೀಪಾಯಿಯಿಂದಲೇ ಹೂಜಿ ತುಂಬಿಸಿದೆ.

ನೀವು ಒಂದು ಗುಟುಕು ಕುಡಿದಿರಿ. ಪದ್ಧತಿಗೆ ಅಷ್ಟು ಸಾಕು. ಮುಖದಲ್ಲಿ ಏನೂ ಇರಲಿಲ್ಲ. ಆಮೇಲೆ ಹೂಜಿಯನ್ನು ಮತ್ತೆ ಎತ್ತಿ, ಕಣ್ಣು ಮುಚ್ಚಿ, ಇನ್ನೊಂದು ದೊಡ್ಡ ಗುಟುಕು ಕುಡಿದಿರಿ.

"ಏನ್ ಮೇಯರ್ರೇ, ಅಷ್ಟೊಂದು ಬಾಯಾರ್ಕೆನಾ? ನೀರೋ ಬಿಯರ್ರೋ ಹೇಳ್ಬಿಡಿ, ಚಳಿಗೆ ಕಾಲು ಮರಗಟ್ತಿದೆ" ಅಂದರು ಲಾಯ್ಬೆ.

ನೀವು ಮೀಸೆ ಒರೆಸಿಕೊಂಡು, ಎಲ್ಲರಿಗೂ ಕೇಳುವ ಹಾಗೆ, "ಬಿಯರ್ ಕಣಯ್ಯ. ನಿಮ್ಮನೆ, ನಮ್ಮನೆ, ಊರಲ್ಲಿ ಯಾರ ಮನೇಲೂ ಇಂಥದ್ದು ಕಾಸೋರು ಈಗ ಇಲ್ಲ" ಅಂದಿರಿ. ಹಾಗೆಂದು ಕೈ ಚಾಚಿ, "ಕೊಡಲಿ ತನ್ನಿ" ಅಂದಿರಿ.

ಮೊದಲ ಏಟಿಗೇ ತಾಮ್ರ ಸೀಳಿತು. ಕೊಡಲಿ ನಿಮಗೆ ಭಾರವಾಗಲಿಲ್ಲ, ಅದನ್ನು ಲಾಯ್ಬೆಯೂ ನೋಡಿದರು. ಪೀಪಾಯಿ ಒಡೆದಾಗ ಕಟುಕರ ಹುಡುಗರು ಟೋಪಿ ಹಿಡಿದು ತುಂಬಿಸಿಕೊಂಡು ಕುಡಿದರು. ಕಾನೂನು ಕಾಯಲು ಬಂದವರ ಬಾಯಾರಿಕೆ ಬಹಳ ದೊಡ್ಡದು.

ಈಗ ಬಿಯರ್ ಮನೆಯಲ್ಲಿ ಒಲೆ ಇದೆ, ಹಂಡೆ ಇಲ್ಲ. ನಿಮ್ಮ ಮೇಲೆ ಬಂದ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯದೆ ಎರಡು ದಿನ ಮನೆಯೆಲ್ಲ ತಿಕ್ಕಿ ತೊಳೆದಿದ್ದೇನೆ. ಮೇಯರ್‌ಗೆ ನಾನು ಕೇಳುವುದೇನೂ ಇಲ್ಲ. ಬರೆಯುವುದನ್ನು ನಿಲ್ಲಿಸಿದ ಆ ಇನ್ನೊಬ್ಬನನ್ನು ಕೇಳುತ್ತೇನೆ. ನೀರು ಅಂದಿದ್ದರೆ ಯಾರೂ ಎದುರಾಡುತ್ತಿರಲಿಲ್ಲ. ಯಾಕೆ ಅನ್ನಲಿಲ್ಲ? ಎರಡನೇ ಗುಟುಕು ಯಾಕೆ?

ಸಬೀನಾ


ವೈಸೆನ್‌ರೋಡ, ಡಿಸೆಂಬರ್ 2

ಸಬೀನಾ,

ಕೇಳಿದ್ದೀಯ, ಹೇಳುತ್ತೇನೆ.

ನೀರು ಎಂದೇ ಹೇಳಬೇಕೆಂದು ಬಂದಿದ್ದೆ. ಪುರಸಭೆಯಲ್ಲಿ ತೀರ್ಮಾನವಾದ ದಿನದಿಂದ ಆ ಮಾತನ್ನು ಬಾಯಲ್ಲಿ ಸಿದ್ಧವಾಗಿಟ್ಟುಕೊಂಡಿದ್ದೆ. ಅದರಲ್ಲಿ ದೊಡ್ಡ ಸುಳ್ಳೇನೂ ಇರುವುದಿಲ್ಲ ಎಂದುಕೊಂಡಿದ್ದೆ, ನೀನು ಮಾಡಿದ್ದು ಹೇಗಿದ್ದರೂ ನೀರಿಗಿಂತ ಸ್ವಲ್ಪ ಮೇಲು ಅಷ್ಟೇ ಇರುತ್ತದೆಂದು ನಂಬಿದ್ದೆ. ಮೊದಲ ಗುಟುಕು ಗಂಟಲಲ್ಲಿ ಇಳಿಯುತ್ತಿದ್ದ ಹಾಗೆ ನನಗೆ ಗೊತ್ತಾಯಿತು. ಎರಡನೆಯದು ಕುಡಿದದ್ದು ತಪ್ಪು ಹುಡುಕಲು. ಒಂದಿಷ್ಟು ಹುಳಿ, ಒಂದಿಷ್ಟು ಹೊಗೆ, ಏನಾದರೂ ಸಿಕ್ಕರೆ ಸಾಕಿತ್ತು, ಅದನ್ನು ಹಿಡಿದುಕೊಂಡು ನೀರು ಅಂದುಬಿಡುತ್ತಿದ್ದೆ. ಸಿಗಲಿಲ್ಲ.

ನಿನ್ನ ಅಮ್ಮನ ಬಿಯರ್‌ನ ಹಾಗಿತ್ತು ಎಂದು ಹೇಳಲು ಹೋಗುವುದಿಲ್ಲ. ಅವಳದಕ್ಕಿಂತ ಚೆನ್ನಾಗಿತ್ತು. ಇದನ್ನು ಬರೆಯುವಾಗ ಅವಳ ಸಮಾಧಿಯ ಕಡೆಗೆ ಕೈ ಮುಗಿದಿದ್ದೇನೆ, ಅವಳು ಬೇಸರಪಡುವವಳಲ್ಲ.

ಅಂಥದ್ದನ್ನು ನೀರು ಎಂದರೆ ನಾನು ಇಷ್ಟು ವರ್ಷ ಈ ಊರಿಗೆ ಹೇಳಿದ ಯಾವ ಮಾತಿಗೂ ಬೆಲೆ ಇರುವುದಿಲ್ಲ. ಇದು ಮೇಯರ್‌ನ ಉತ್ತರ. ಇನ್ನೊಬ್ಬನ ಉತ್ತರ ಬೇರೆ. ನನ್ನ ಮಗಳು ಮಾಡಿದ್ದನ್ನು ಲಾಯ್ಬೆಯ ಮುಂದೆ, ಊರಿನ ಎಲ್ಲ ಗಂಡಸರ ಮುಂದೆ, ನೀರು ಅನ್ನಲು ನನಗೆ ಆಗಲಿಲ್ಲ. ಹೆಮ್ಮೆಯಾಯಿತು. ಕೈಯಲ್ಲಿ ಕೊಡಲಿ ಹಿಡಿದವನಿಗೆ ಅಷ್ಟು ಹೆಮ್ಮೆಯಾಗಬಾರದು. ಆಯಿತು, ಏನು ಮಾಡಲಿ? ಆ ಏಟು ಹಾಕಿದ್ದು ಸರಿ ಎಂದು ಇಂದಿಗೂ ಹೇಳುತ್ತೇನೆ. ಅದರ ಸದ್ದು ಇನ್ನೂ ಕಿವಿಯಲ್ಲಿದೆ ಎಂದೂ ಹೇಳುತ್ತೇನೆ.

ಈಗ ನೀನು ತಿಳಿದಿರಬೇಕಾದ ವಿಷಯ. ನಿನ್ನ ಜಮೀನ್ದಾರರು ಡ್ರೆಸ್ಡೆನ್‌ನಲ್ಲಿ ಊರಿನ ಮೇಲೆ ದಾವೆ ಹೂಡಿದ್ದಾರೆ. ಹಂಡೆಯಲ್ಲಿದ್ದದ್ದು ಎರಡನೇ ನೀರೇ, ಮೇಯರ್ ಆದವನು ಲಾಯ್ಬೆಗೆ ಹೆದರಿ ಸುಳ್ಳು ಹೇಳಿ ಒಡೆಸಿದ ಎಂಬುದು ಅವರ ವಾದ. ವಿಚಾರಣೆಗೆ ಒಬ್ಬ ಅಧಿಕಾರಿ ಎರ್ಲಿಟ್ಸ್‌ಗೇ ಬರುತ್ತಾನೆ, ಬೈಬಲ್ ಮೇಲೆ ಕೈ ಇಡಿಸಿ ನಿನ್ನನ್ನು ಕೇಳುತ್ತಾನೆ. ಕುಡಿದವರು ನಮ್ಮ ಕಡೆಯವರು, ಅವರ ಸಾಕ್ಷಿ ನಿಲ್ಲುವುದಿಲ್ಲ. ಕಾಸಿದವಳು ನೀನು. ಎರಡನೇ ನೀರು ಎಂದು ನೀನು ಒಂದು ಮಾತು ಹೇಳಿದರೆ ನಿನಗೆ ಹೊಸ ಹಂಡೆ ಬರುತ್ತದೆ, ನಿನ್ನ ಪಾನಗೃಹ ಉಳಿಯುತ್ತದೆ. ನನ್ನನ್ನು ಗಾದಿಯಿಂದ ಇಳಿಸುತ್ತಾರೆ, ಸುಳ್ಳು ಹೇಳಿದ ಮೇಯರ್ ಎಂದು ಊರು ನೆನಪಿಟ್ಟುಕೊಳ್ಳುತ್ತದೆ.

ನೀನು ಹೀಗೆ ಹೇಳು ಎಂದು ನಾನು ಕೇಳುವುದಿಲ್ಲ. ನಿನಗೆ ಮಕ್ಕಳಿದ್ದಾರೆ. ನನ್ನ ಮಾತು ಹೇಳಿಯಾಯಿತು, ಅದು ಅಲ್ಲೇ ನಿಂತಿದೆ. ನಿನ್ನ ಮಾತು ನಿನ್ನದು.

ಯೋಬ್ಸ್ಟ್ ರಾಯ್ಶೆಲ್


ಎರ್ಲಿಟ್ಸ್, 1672 ಫೆಬ್ರವರಿ 21

ಅಪ್ಪನಿಗೆ,

ವಿಚಾರಣೆ ನಿನ್ನೆ ಮುಗಿಯಿತು. ನಿಮ್ಮ ವಕೀಲ ಊರಿಗೆ ಬಂದು ಅವನಿಗೆ ತೋಚಿದ ಹಾಗೆ ಹೇಳುವ ಮೊದಲು ನಾನೇ ಬರೆಯುತ್ತಿದ್ದೇನೆ.

ಹಿಂದಿನ ದಿನ ಕಾರುಭಾರಿ ಬಂದಿದ್ದ. "ಹಳೇದಕ್ಕಿಂತ ದೊಡ್ಡ ಹಂಡೆ ಸಬೀನಾ, ಚಾವಣಿನೂ ಹೊಸದು. ನೀನು ಹೊಸದಾಗೇನೂ ಹೇಳ್ಬೇಕಾಗಿಲ್ಲ, ಅವತ್ತು ಅಷ್ಟು ಜನದ ಮುಂದೆ ಹೇಳಿದ್ದನ್ನೇ ಇನ್ನೊಂದ್ಸಲ ಹೇಳಿದ್ರೆ ಆಯ್ತು" ಅಂದ. ಅದು ನಿಜವೇ ಆಗಿತ್ತು, ನಾನೇ ಹಾಗೆ ಹೇಳಿದ್ದೆ. ಮಲಗುವ ಮುಂಚೆ ಉರ್ಬಾನ್, "ನಿಂಗೇನ್ ಅನ್ಸುತ್ತೋ ಹಂಗ್ ಮಾಡು. ನಾನು ಎಲ್ಲಿದ್ರೂ ಮಗ್ ತೊಳೀಬಲ್ಲೆ" ಅಂದ. ಲಾಯ್ಬೆಯ ಮಗ ಇಂಥ ಮಾತಾಡುತ್ತಿದ್ದನೇ, ನೀವೇ ಹೇಳಿ.

ಅಧಿಕಾರಿ ವಯಸ್ಸಾದವರು, ನೆಗಡಿಯಾಗಿತ್ತು. ನಮ್ಮ ದೊಡ್ಡ ಮೇಜಿನ ಮೇಲೆ ಬೈಬಲ್ ಇಟ್ಟು ಕೂತಿದ್ದರು. ಜಮೀನ್ದಾರರು ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡಿದ್ದರು.

"ಹಂಡೇಲಿ ಏನಿತ್ತಮ್ಮ?" ಎಂದು ಕೇಳಿದರು.

"ಬಿಯರ್ ಸ್ವಾಮಿ."

ಜಮೀನ್ದಾರರು ತಿರುಗಿ ನೋಡಿದರು. ಅಧಿಕಾರಿ ಮೂಗು ಒರೆಸಿಕೊಂಡು, "ಸರಿಯಾಗಿ ಯೋಚ್ನೆ ಮಾಡಿ ಹೇಳಮ್ಮ. ಕಾಗದದಲ್ಲಿ ಎರಡನೇ ನೀರು ಅಂದಿದೀಯ. ಅವತ್ತು ಅಷ್ಟೂ ಜನದ ಮುಂದೆ ಎರಡನೇ ನೀರು ಅಂದಿದೀಯ. ಈಗ ಬಿಯರ್ ಅಂತೀಯಲ್ಲ?" ಅಂದರು.

"ಅವಾಗ ನಮ್ಮಪ್ಪ ಅದನ್ನಿನ್ನೂ ಕುಡಿದಿರ್ಲಿಲ್ಲ ಸ್ವಾಮಿ" ಅಂದೆ.

ಅವರು ಬೈಬಲನ್ನು ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ, "ಬರ್ಕೊಳಯ್ಯ, ಬಿಯರ್" ಎಂದು ಗುಮಾಸ್ತನಿಗೆ ಹೇಳಿದರು. ಜಮೀನ್ದಾರರು ಕುರ್ಚಿ ಒದ್ದು ಎದ್ದುಹೋದರು.

ಸಂಜೆಯೊಳಗೆ ಕಾರುಭಾರಿ ಬಂದು ಏಪ್ರಿಲ್ ಕೊನೆಯ ಜಾರ್ಜ್ ಹಬ್ಬದೊಳಗೆ ಮನೆ ಖಾಲಿ ಮಾಡಿ ಎಂದು ಹೇಳಿ ಹೋದ. ಅಳು ಬಂತು, ಅತ್ತುಬಿಟ್ಟೆ. ಆದರೆ ಅಪ್ಪ, ನಾನು ಕಾಸಿದ್ದು ನೀರು ಎಂದು ಬೈಬಲ್ ಮುಟ್ಟಿ ಹೇಳಿ, ಮರುದಿನ ಯಾವ ಮುಖ ಹೊತ್ತು ಹೊಸ ಹಂಡೆಯ ಮುಂದೆ ನಿಲ್ಲಲಿ? ನೀವೂ ಅಂದು ನೀರು ಅಂದಿದ್ದರೆ ಹಂಡೆ ಉಳಿಯುತ್ತಿತ್ತು. ನಿಮ್ಮನ್ನು ನಾನು ಜನ್ಮದಲ್ಲಿ ಕ್ಷಮಿಸುತ್ತಿರಲಿಲ್ಲ.

ನಮ್ಮ ನೆಂಟರು ಬೌಟ್ಸೆನ್‌ನಲ್ಲಿದ್ದಾರೆ, ಅಲ್ಲಿಗೆ ಹೋಗಬಹುದು. ನಾನು ಯಾರ ಮನೆಯ ಮೂಲೆಯಲ್ಲೂ ದಯೆಗಾಗಿ ಕೂರುವವಳಲ್ಲ ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ.

ಸಬೀನಾ


ವೈಸೆನ್‌ರೋಡ, ಮಾರ್ಚ್ 3

ಮಗಳೇ,

ಬೌಟ್ಸೆನ್‌ನ ನೀರು ಗಡಸು, ಅಲ್ಲಿ ನಿನ್ನ ಕೆಲಸ ಕೆಡುತ್ತದೆ.

ಈ ಸಲದ ಚೀಟಿ ಎತ್ತಿದಾಗ ಬಿಯರ್ ಕಾಸುವ ಕೊನೆಯ ಸರದಿ ನಮ್ಮ ಮನೆಗೆ ಬಂದಿದೆ, ಏಪ್ರಿಲ್ ನಡುವಿನಲ್ಲಿ. ನಿನ್ನ ಅಮ್ಮ ಹೋದ ಮೇಲೆ ಕೂಲಿಯವನಿಂದ ಮಾಡಿಸುತ್ತಿದ್ದೇನೆ. ಅವನು ಮಾಡಿದ್ದನ್ನು ನಾನು ಮೇಯರ್ ಆಗಿ ಪಾಸು ಮಾಡುತ್ತೇನೆ, ಮನೆಯ ಯಜಮಾನನಾಗಿ ಕುಡಿಯುವುದಿಲ್ಲ. ಹೊರಗೆ ಮದುವೆಯಾಗಿ ಹೋದವಳು ಕಾಸಬಹುದೇ ಎಂಬ ಮಾತನ್ನು ಪುರಸಭೆಯ ಮುಂದಿಟ್ಟೆ. ಗಂಡ ಈ ಊರಿನವನಾಗುವ ಪ್ರಮಾಣ ಮಾಡಿದರೆ ಆಗಬಹುದು ಎಂದರು. ಲಾಯ್ಬೆ ಏನಾದರೂ ಅನ್ನುತ್ತಾನೆಂದು ಕಾದೆ.

"ಅವತ್ತು ನಮ್ ಕಟುಕರ ಹುಡುಗ ಟೋಪೀಲಿ ಹಿಡ್ಕೊಂಡಿದ್ನಲ್ಲ, ಅದ್ರಲ್ಲಿ ನಂಗೂ ಒಂದ್ ಗುಟುಕು ಸಿಕ್ಕಿತ್ತು. ಕರೆಸ್ಕೊಳ್ಳಿ ಮಾರಾಯ್ರೆ" ಅಂದ.

ಇದು ದಯೆಯಲ್ಲ. ನಮ್ಮ ಮನೆಗೆ ಬಿಯರ್ ಕಾಸುವವರು ಬೇಕು, ನಿನಗಿಂತ ಒಳ್ಳೆಯವರು ನನಗೆ ಗೊತ್ತಿಲ್ಲ. ಉರ್ಬಾನನಿಗೆ ಪ್ರಮಾಣ ಬಾಯಿಪಾಠ ಮಾಡಿಸು. ತಪ್ಪಿದರೆ ಎಲ್ಲರೆದುರು ಮೊದಲಿನಿಂದ ಹೇಳಿಸುತ್ತೇನೆ, ಅಳಿಯನೆಂದು ಬಿಡುವುದಿಲ್ಲ. ಕಾಸಿದ ಮೇಲೆ ರುಚಿ ನೋಡಲು ನಾನೇ ಬರುತ್ತೇನೆ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಎಂದು ಊರಿಗೆಲ್ಲ ಕೇಳುವ ಹಾಗೆ ಹೇಳುತ್ತೇನೆ. ಇದು ನಿನಗೆ ಒಪ್ಪಿಗೆಯಾಗಿದ್ದರೆ ಗಾಡಿ ಕಳಿಸುತ್ತೇನೆ, ಜಾರ್ಜ್ ಹಬ್ಬದವರೆಗೆ ಕಾಯಬೇಡ. ಬೇಗ ಬಾ.

ನಿನ್ನ ಅಪ್ಪ